ನಮ್ಮ ಹಾಡಿಯ ಮೇಲೆ ನಡೆದ ಸಂಶೋಧನೆಗಳು ನಮ್ಮ ಕೈಗೆ ಸಿಗುವುದು ಹೇಗೆ?

ರಾವುಳ ಓದುಗಿ, ಪೊನ್ನಂಪೇಟೆ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ಯರವ ಸಮುದಾಯದವಳು. ನಮ್ಮನ್ನು ನಾವು ರಾವುಳರೆಂದು ಕರೆದುಕೊಳ್ಳುತ್ತೇವೆ. ಗಡಿಯಾಚೆಯ ವಯನಾಡಿನಲ್ಲಿ ಇದೇ ಜನರನ್ನು ಅಡಿಯರೆನ್ನುತ್ತಾರೆ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಸದ್ಯ ಅತಿಥಿ ಶಿಕ್ಷಕಿಯಾಗಿದ್ದೇನೆ. ಅಜ್ಜಿಯ ಕಾಲದವರೆಗೆ ನಮ್ಮ ಮನೆಯವರು ಕಾಫಿ ತೋಟದ ಲೈನ್‌ಮನೆಯಲ್ಲಿದ್ದರು, ಆಮೇಲೆ ಸರ್ಕಾರಿ ಜಮೀನಾದ ಪೈಸಾರಿ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು ಈಗಿನ ಹಾಡಿಯಲ್ಲಿ, ಅಂದರೆ ನಮ್ಮ ಜನರ ಸಣ್ಣ ಊರಿನಲ್ಲಿ, ನೆಲೆಸಿದರು.

ನನ್ನ ನೆನಪಿನಲ್ಲಿ ನಮ್ಮ ಹಾಡಿಗೆ ಸಂಶೋಧನೆಯ ಹೆಸರಿನಲ್ಲಿ ಕನಿಷ್ಠ ಏಳು ತಂಡಗಳಾದರೂ ಬಂದು ಹೋಗಿವೆ. ಒಬ್ಬರು ನಮ್ಮ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು, ಒಬ್ಬರು ಮಕ್ಕಳ ತೂಕ ಮತ್ತು ತೋಳಿನ ಸುತ್ತಳತೆ ತೆಗೆದುಕೊಂಡರು, ಇನ್ನೊಂದು ತಂಡ ರಕ್ತದ ಮಾದರಿ ಪಡೆದು ಫಲಿತಾಂಶವನ್ನು ತಿಂಗಳೊಳಗೆ ತಲುಪಿಸುವುದಾಗಿ ಹೇಳಿ ಹೋಯಿತು. ಅದಾಗಿ ಆರು ವರ್ಷವಾಯಿತು, ಫಲಿತಾಂಶ ಬಂದಿಲ್ಲ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆಂದು ಬಂದವರು ಜನವರಿಯ ನಡುವಿನಲ್ಲಿ ಬಂದರು. ರೊಬಸ್ಟಾ ಕೊಯ್ಲಿನ ಆ ದಿನಗಳಲ್ಲಿ ತಂದೆ ತಾಯಿ ಬೆಳಗ್ಗೆಯೇ ತೋಟಕ್ಕೆ ಹೋಗುತ್ತಾರೆ, ಸಣ್ಣ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಹತ್ತು ಹನ್ನೆರಡು ವರ್ಷದವರು ಜೊತೆಗೆ ಹೋಗುತ್ತಾರೆ. ನನ್ನ ತಮ್ಮನೂ ಹಾಗೆ ಹೋಗಿದ್ದ. ಫೆಬ್ರವರಿ ಕೊನೆಗೆ ಕೊಯ್ಲು ಮುಗಿದ ಮೇಲೆ ಅವನು ಶಾಲೆಗೆ ಮರಳಿದ, ಈಗ ಐ.ಟಿ.ಐ. ಓದುತ್ತಿದ್ದಾನೆ. ಆ ವರದಿಯಲ್ಲಿ ಮಾತ್ರ ಅವನು ಇಂದಿಗೂ ಶಾಲೆ ಬಿಟ್ಟವನೇ ಆಗಿ ಉಳಿದಿರಬೇಕು.

ಕಳೆದ ತಿಂಗಳು ಬೇರೇನನ್ನೋ ಹುಡುಕುತ್ತಿದ್ದಾಗ ಒಂದು ಪಿಎಚ್.ಡಿ. ಮಹಾಪ್ರಬಂಧ ಕಣ್ಣಿಗೆ ಬಿತ್ತು. ಅದರ ಮೂರನೆಯ ಅಧ್ಯಾಯದಲ್ಲಿ ನನ್ನ ಅಜ್ಜಿಯ ಚಿತ್ರವಿದೆ. ಒಲೆಯ ಮುಂದೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಾಳೆ, ಹಿಂದೆ ನಮ್ಮ ಹಳೆಯ ಗುಡಿಸಲಿನ ತಡಿಕೆಯ ಗೋಡೆ ಕಾಣುತ್ತದೆ. ಚಿತ್ರದ ಕೆಳಗೆ ‘ಯರವ ಮುದುಕಿ’ ಎಂದಷ್ಟೇ ಬರೆದಿದೆ. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು, ನಮ್ಮ ಮನೆಯಲ್ಲಿ ಅವಳ ಬೇರೆ ಚಿತ್ರವೇ ಇಲ್ಲ. ಅದನ್ನು ನೋಡಿದಾಗ ಸಂತೋಷ, ಸಿಟ್ಟು ಎರಡೂ ಆಯಿತು. ಅಧ್ಯಾಯದಲ್ಲಿ ಅಜ್ಜಿ ಹೇಳಿದ ಮಾತುಗಳೂ ಇವೆ: ಅವರು ದುಡಿದ ಗದ್ದೆಗಳು, ಹೂಳುತ್ತಿದ್ದ ಜಾಗ, ಯಾರ ಮನೆಯವರು ಯಾವ ವರ್ಷ ಯಾವ ತೋಟಕ್ಕೆ ಹೋದರು ಎಂಬ ವಿವರ. ಇವೆಲ್ಲ ನಮಗೆ ಇಂದು ಬೇಕಾದ ಸಂಗತಿಗಳು. ಆದರೆ ಊರಿನ ಹೆಸರನ್ನು, ತೋಟದ ಹೆಸರನ್ನು, ಅಜ್ಜಿಯ ಹೆಸರನ್ನು ಲೇಖಕರು ತೆಗೆದುಹಾಕಿದ್ದಾರೆ.

ನನ್ನ ಪ್ರಶ್ನೆಗಳು ಎರಡು. ನಮ್ಮ ಬಗ್ಗೆ ಈವರೆಗೆ ನಡೆದ ಅಧ್ಯಯನಗಳ ಪ್ರತಿಗಳನ್ನು ನಾವು ಪಡೆಯುವ ದಾರಿ ಯಾವುದು? ಮುಂದೆ ಬರುವವರ ಮುಂದೆ ಹಾಡಿಯವರು ಯಾವ ಷರತ್ತುಗಳನ್ನು ಇಡಬಹುದು, ಅದಕ್ಕೆ ಕಾನೂನಿನ ಅಥವಾ ನಿಯಮದ ಆಧಾರವಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.


ಹಳೆಯ ಮೇಷ್ಟ್ರು, ಮಡಿಕೇರಿ

ನಿಮ್ಮ ಬರಹ ಓದಿ ನಾನು ಪಾಠ ಮಾಡಿದ ಮೂವತ್ತು ವರ್ಷಗಳನ್ನು ಒಮ್ಮೆ ಹಿಂತಿರುಗಿ ನೋಡುವಂತಾಯಿತು. ಕೊಡಗಿನ ಇತಿಹಾಸವೆಂದು ನಾವು ಕಲಿಸಿದ್ದು ಹಾಲೇರಿ ಅರಸರನ್ನು, 1834ರಲ್ಲಿ ಚಿಕ್ಕವೀರರಾಜೇಂದ್ರ ಪದಚ್ಯುತನಾದದ್ದನ್ನು, ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯನ್ನು, ಕಾಫಿಯನ್ನು. ಗದ್ದೆಯಲ್ಲಿ ನಾಟಿ ಮಾಡಿದವರು ಯಾರೆಂದು ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಲಿಲ್ಲ.

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಸುಲಭವಾದ ಕಡೆಯಿಂದ ಶುರು ಮಾಡುತ್ತೇನೆ. ವಿಶ್ವವಿದ್ಯಾನಿಲಯಗಳು ಒಪ್ಪಿದ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ರಾಷ್ಟ್ರೀಯ ಭಂಡಾರಕ್ಕೆ ಸೇರಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) 2009ರಲ್ಲಿ ತಂದಿತು. ಅಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಹುಡುಕುವಾಗ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಯರವ, ಎರವ, ಯೆರವ, ರಾವುಳ, ಅಡಿಯ ಎಲ್ಲವನ್ನೂ ಹಾಕಿ ನೋಡಿ. ಸರ್ಕಾರದ ಹಣದಲ್ಲಿ ನಡೆದ ಅಧ್ಯಯನವಾದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದಗಳೊಳಗೆ. ನಾನು ಹಾಕಿದ್ದ ಮೊದಲ ಅರ್ಜಿ ಇದೇ ಕಾರಣಕ್ಕೆ ಹಿಂದಕ್ಕೆ ಬಂದಿತ್ತು. ಮೈಸೂರಿನಲ್ಲಿ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ ಇದೆ, ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಅಲ್ಲೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. ಮೂರೂ ಕಡೆ ಗ್ರಂಥಾಲಯಕ್ಕೇ ನೇರವಾಗಿ ಹೋಗುವುದು ಒಳ್ಳೆಯದು, ಪತ್ರಕ್ಕೆ ಉತ್ತರ ಕಾಯುತ್ತ ಕೂತರೆ ದಿನ ಹೋಗುತ್ತದೆ.

ಹಳೆಯ ದಾಖಲೆಗಳ ವಿಷಯ ಬೇರೆ. ರೆವರೆಂಡ್ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿ, ಲೂಯಿ ರೈಸರ ಗೆಜೆಟಿಯರಿನ 1878ರ ಕೊಡಗು ಸಂಪುಟ ಇವೆರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ಅವುಗಳಲ್ಲಿ ನಿಮ್ಮವರ ಉಲ್ಲೇಖವಿದೆ, ಆದರೆ ಓದಲು ಗಟ್ಟಿ ಮನಸ್ಸು ಬೇಕು. ಆ ಕಾಲದ ಬರಹಗಾರರು ಜನರನ್ನು ದನಕರುಗಳ ತಳಿಯಂತೆ ವಿಂಗಡಿಸುತ್ತಿದ್ದರು. 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ವಿವರ ಕೊಟ್ಟ ಎಡ್ಗರ್ ಥರ್ಸ್ಟನ್ ಮೂಗಿನ ಉದ್ದ ಅಗಲಗಳನ್ನು ಅಳೆದು ಕೋಷ್ಟಕ ಮಾಡಿದವರು. ನಿಮ್ಮ ಹಾಡಿಯ ಮಕ್ಕಳ ತೋಳಿಗೆ ಸುತ್ತಿದ ಟೇಪನ್ನು ನಾನು ಅದಕ್ಕೆ ಸಮ ಮಾಡುವುದಿಲ್ಲ, ಅಪೌಷ್ಟಿಕತೆ ಗುರುತಿಸಲು ಆ ಅಳತೆ ಬೇಕೇ ಬೇಕು. ಅಳೆದವರು ಫಲಿತಾಂಶ ಹೇಳದೆ ಹೋದರೆ ಹಾಡಿಯವರಿಗೆ ಎರಡೂ ಒಂದೇ ಆಗಿ ಕಾಣುತ್ತದೆ ಎಂಬುದು ಮಾತ್ರ ನಿಜ.

ಇಲ್ಲಿ ನನಗನ್ನಿಸುವ ಒಂದು ಮಾತನ್ನು ಹೇಳಲೇಬೇಕು. ಕೊಡಗಿನ ಬುಡಕಟ್ಟುಗಳ ಅಧ್ಯಯನವೆಂದರೆ ಕಾಡಿನ ಅಧ್ಯಯನ ಎಂಬ ರೂಢಿ ಬೆಳೆದಿದೆ. ಜೇನು ಕುರುಬರ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ. ಯರವರ ಇತಿಹಾಸದ ಬಹುಭಾಗ ಇರುವುದು ಗದ್ದೆಯಲ್ಲಿ. ಜಮ್ಮದ ಆಳುಗಳೆಂದು ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ಜನರ ಚರಿತ್ರೆ ಅದು. ‘ಯರವ’ ಎಂಬ ಹೆಸರೇ ಎರವಲು ಎಂಬ ಮಾತಿನಿಂದ ಬಂದದ್ದೆಂದು ಹಿಂದಿನವರು ಬರೆದಿಟ್ಟಿದ್ದಾರೆ. ನೀವು ರಾವುಳರೆಂದು ಹೇಳಿಕೊಳ್ಳುವುದರ ಬೆಲೆ ಇದರಿಂದ ತಿಳಿಯುತ್ತದೆ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು 1843ರ ಐದನೆಯ ಕಾಯ್ದೆ ಸಾರಿತು, 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದಿತು, ಜೀತ ನಿಷೇಧದ ಕಾಯ್ದೆ ಬರಲು 1976 ಆಗಬೇಕಾಯಿತು. ಈ ಮೂರು ಇಸವಿಗಳ ನಡುವೆ ನಿಮ್ಮ ಅಜ್ಜಿಯ, ಅವರ ಅಜ್ಜಿಯ ಬದುಕು ನಡೆದಿದೆ. 1952ರಲ್ಲಿ ಎಂ.ಎನ್. ಶ್ರೀನಿವಾಸರು ಪ್ರಕಟಿಸಿದ ಕೊಡಗಿನ ಅಧ್ಯಯನ ಸಮಾಜಶಾಸ್ತ್ರಕ್ಕೆ ‘ಸಂಸ್ಕೃತೀಕರಣ’ (ಕೆಳಜಾತಿಯವರು ಮೇಲ್ಜಾತಿಯವರ ಆಚಾರಗಳನ್ನು ಅನುಸರಿಸುವುದು) ಎಂಬ ಪರಿಕಲ್ಪನೆಯನ್ನು ಕೊಟ್ಟಿತು, ಜಗತ್ತೇ ಅದನ್ನು ಓದಿತು. ಅದು ಕೊಡವರ ಒಕ್ಕ (ಕುಲ), ಪೂರ್ವಿಕರ ಮನೆಗಳಾದ ಐನ್‌ಮನೆಗಳನ್ನು ನಡುವಿನಲ್ಲಿಟ್ಟು ನೋಡಿದ ನೋಟ. ಅದೇ ಅಂಗಳವನ್ನು ಹಿತ್ತಿಲ ಕಡೆಯಿಂದ ನೋಡಿದ ಬರಹ ಇನ್ನೂ ಬರಬೇಕಾಗಿದೆ. ನೀವು ಬರೆಯುತ್ತೀರೆಂದು ನಂಬುತ್ತೇನೆ.

ಕೊಡಗು ಪ್ರತ್ಯೇಕ ಪ್ರಾಂತ್ಯವಾಗಿದ್ದುದರಿಂದ ಆ ಕಾಲದ ಜನಗಣತಿಯ ಸಂಪುಟಗಳೂ ಪ್ರತ್ಯೇಕವಾಗಿವೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕದ ಕಡತಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ.


ತಿತಿಮತಿ ದಾರಿ

ಮೇಷ್ಟ್ರು ಹೇಳಿದ್ದಕ್ಕೆ ಒಂದೆರಡು ವಿಷಯ ಸೇರಿಸುತ್ತೇನೆ, ತಂಗಿ. ನಾನು ಜೇನು ಕುರುಬ. ನಮ್ಮ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಲ್ಲಿ ಹಲವು ವರ್ಷ ಕಾರ್ಯದರ್ಶಿಯಾಗಿದ್ದೆ. ಸಂಶೋಧನೆಯಿಂದ ಹಾಡಿಗೆ ಏನು ಪ್ರಯೋಜನ ಎಂಬ ಪ್ರಶ್ನೆಗೆ ನಾನು ಕಾಗದದ ಮೂಲಕವೇ ಉತ್ತರ ಕಂಡುಕೊಂಡವನು.

2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದನ್ನು ನೀವು ಓದಬೇಕು. ಹಕ್ಕಿಗೆ ಯಾವ ಸಾಕ್ಷ್ಯ ನಡೆಯುತ್ತದೆ ಎಂದು ಅಲ್ಲಿ ಹೇಳಿದೆ. ಗೆಜೆಟಿಯರ್, ಜನಗಣತಿ, ಅರಣ್ಯ ಇಲಾಖೆಯ ಕಾರ್ಯಯೋಜನೆ, ಬಾವಿ, ಸ್ಮಶಾನ, ದೇವರ ಸ್ಥಳ, ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆ, ಇವುಗಳ ಸಾಲಿನಲ್ಲಿ ಮಾನವಶಾಸ್ತ್ರ ಸರ್ವೇಕ್ಷಣೆಯಂತಹ ಹೆಸರಾಂತ ಸಂಸ್ಥೆಗಳು ಮಾಡಿದ ಸಂಶೋಧನಾ ಅಧ್ಯಯನಗಳೂ ಇವೆ. ಒಂದೇ ಸಾಕ್ಷ್ಯ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಅಂದರೆ ನಿಮ್ಮ ಅಜ್ಜಿಯ ಮಾತುಗಳಿರುವ ಆ ಅಧ್ಯಾಯ ಇಂಥ ಅರ್ಜಿಯಲ್ಲಿ ಪುರಾವೆಯ ಒಂದು ಭಾಗವಾಗಬಹುದಿತ್ತು. ಊರಿನ ಹೆಸರು ಅಳಿಸಿದ ಕ್ಷಣದಲ್ಲಿ ಅದು ಬರಿಯ ಕಥೆಯಾಯಿತು.

ನಮಗೂ ಹೀಗೆಯೇ ಆಯಿತು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಪ್ರತಿ ಹಂತದಲ್ಲಿ ಕೆಲವು ಹಾಡಿಗಳು ಖಾಲಿಯಾದವು. ಹೈಕೋರ್ಟಿನ ಆದೇಶದಂತೆ ರಚನೆಯಾಗಿ ಪ್ರೊ. ಮುಜಾಫರ್ ಅಸ್ಸಾದಿಯವರ ನೇತೃತ್ವದಲ್ಲಿ ಕೆಲಸ ಮಾಡಿದ ಸಮಿತಿ 2014ರಲ್ಲಿ ಕೊಟ್ಟ ವರದಿ 3,418 ಕುಟುಂಬಗಳಿಗೆ ಪುನರ್ವಸತಿ ಬಾಕಿಯಿದೆ ಎಂದಿತು. ಒಬ್ಬ ಪ್ರಾಧ್ಯಾಪಕರು ಹಾಡಿ ಹಾಡಿ ತಿರುಗಿ ಬರೆಸಿದ ಲೆಕ್ಕ ಅದು. ನಮ್ಮ ಸಭೆಗಳಲ್ಲಿ ಇಂದಿಗೂ ಅದನ್ನೇ ಎತ್ತಿ ತೋರಿಸುತ್ತೇವೆ. ಆದರೆ ನಮ್ಮ ತಂದೆಯವರಿದ್ದ ಹಳೆಯ ಹಾಡಿಗೆ ಸಾಕ್ಷ್ಯ ಹುಡುಕಲು ಹೊರಟಾಗ ಸಿಕ್ಕ ಎರಡು ಪ್ರಬಂಧಗಳಲ್ಲಿ ಒಂದರಲ್ಲಿ ಊರಿನ ಹೆಸರಿರಲಿಲ್ಲ, ಇನ್ನೊಂದರಲ್ಲಿ ಹೆಸರನ್ನು ತಪ್ಪಾಗಿ ಬರೆದಿದ್ದರು. ಕೊನೆಗೆ ಕೆಲಸಕ್ಕೆ ಬಂದದ್ದು ನನ್ನ ದೊಡ್ಡಪ್ಪನ ಹಳೆಯ ಕೂಲಿ ಚೀಟಿ. ಅರಣ್ಯ ಇಲಾಖೆಯ ಆನೆ ಶಿಬಿರದಲ್ಲಿ ಕಾವಾಡಿಯಾಗಿದ್ದಾಗ (ಮಾವುತನ ಸಹಾಯಕ) ಕೂಲಿಯವರ ಹಾಜರಿ ಪಟ್ಟಿಯಾದ ಮಸ್ಟರ್ ರೋಲಿನಲ್ಲಿ ಅವರ ಹೆಸರಿನ ಮುಂದೆ ಹಾಡಿಯ ಹೆಸರನ್ನು ಒಬ್ಬ ಗುಮಾಸ್ತರು ಬರೆದಿದ್ದರು. ಇಲಾಖೆ ತಾನೇ ಕೂಲಿ ಕೊಟ್ಟು ಬರೆದಿಟ್ಟ ಹೆಸರನ್ನು ಇಲ್ಲವೆನ್ನಲಾಗದು.

ಒಳ್ಳೆಯ ಉದಾಹರಣೆ ಬಿಳಿಗಿರಿರಂಗನ ಬೆಟ್ಟದಲ್ಲಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಹಿರಿಯರ ಜೊತೆ ಕಾಡಿನಲ್ಲಿ ನಡೆದು ಅವರ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದರು. ನಾನೂರಕ್ಕೂ ಹೆಚ್ಚು ತಾಣಗಳು ಆ ನಕ್ಷೆಯಲ್ಲಿವೆ. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶದೊಳಗೆ ದೇಶದಲ್ಲೇ ಮೊದಲು. ನಕ್ಷೆಯೊಂದರಿಂದಲೇ ಹಕ್ಕು ಬಂತೆಂದು ಹೇಳಲಾರೆ, ಹಿಂದೆ ಸೋಲಿಗರ ಸಂಘದ ವರ್ಷಗಟ್ಟಲೆಯ ಹೋರಾಟವಿದೆ. ಆದರೂ ಸಂಶೋಧಕರು ಬರೆದದ್ದು ಮೊದಲು ಸೋಲಿಗರ ಕೈಯಲ್ಲಿತ್ತು ಎಂಬುದನ್ನು ಗಮನಿಸಿ.

ಹೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಕಾಡು ಕುರುಬ ಇತ್ತು, ಕೊಡಗು ಜಿಲ್ಲೆಗೆ ಮಾತ್ರ ಅನ್ವಯವಾಗುವ ಕುರುಬ ಇತ್ತು, ಬೆಟ್ಟ ಕುರುಬ ಎಂಬ ಹೆಸರೇ ಇರಲಿಲ್ಲ. ಅದನ್ನು ಕಾಡು ಕುರುಬದ ಪರ್ಯಾಯವಾಗಿ ಸೇರಿಸುವ ಮಸೂದೆಯನ್ನು ಸಂಸತ್ತು ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಜಾತಿ ಪ್ರಮಾಣಪತ್ರಕ್ಕಾಗಿ ಆ ಜನ ಅಲೆದ ಅಲೆದಾಟ ನನಗೆ ಗೊತ್ತು. ಹಾಗಾಗಿ ಬರುವವರಿಗೆ ನಿಮ್ಮ ಮೊದಲ ಷರತ್ತು ಇದಿರಲಿ: ಸಮುದಾಯದ ಹೆಸರನ್ನು ನಾವು ಹೇಳಿದಂತೆ ಬರೆಯಬೇಕು.

ಲೈನ್‌ಮನೆಯವರಿಗೆ ಅರಣ್ಯ ಹಕ್ಕು ಕಾಯ್ದೆ ಮುಟ್ಟುವುದಿಲ್ಲ, ತೋಟ ಖಾಸಗಿ ಜಮೀನು. ಕಾಫಿ ತೋಟಗಳು ಒಬ್ಬರು ಹೊಂದಬಹುದಾದ ಜಮೀನಿನ ಮಿತಿಯಿಂದಲೂ ಹೊರಗಿವೆ. ನಿಮ್ಮ ಹಾಡಿ ಪೈಸಾರಿಯಲ್ಲಿದ್ದರೆ, ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ ಭೂಕಂದಾಯ ಕಾಯ್ದೆಯ 94ಸಿ ಅಡಿಯ ಅರ್ಜಿಯ ದಾರಿ ಬೇರೆ ಇದೆ. ಅಲ್ಲಿಯೂ ಎಷ್ಟು ವರ್ಷದಿಂದ ಇದ್ದೀರಿ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ, ಅಜ್ಜಿಯ ಅಧ್ಯಾಯ ಅಲ್ಲಿಯೂ ಬೇಕಾಗುತ್ತದೆ.


ಸಮುದಾಯ ವೈದ್ಯೆ

ರಕ್ತದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಆರು ವರ್ಷವಾದರೂ ಫಲಿತಾಂಶ ತಲುಪಿಲ್ಲವೆಂದು ಓದಿ ವೈದ್ಯಳಾಗಿ ನನಗೆ ನಾಚಿಕೆಯಾಯಿತು.

ಬಹುಶಃ ಅವರು ನೋಡಿದ್ದು ಕುಡುಗೋಲು ಕಣ ರೋಗವೆಂಬ ವಂಶಪಾರಂಪರ್ಯ ರಕ್ತರೋಗವನ್ನು, ಜನ ಸಿಕಲ್ ಸೆಲ್ ಎನ್ನುವುದನ್ನು. ಭಾರತದಲ್ಲಿ ಅದು ಮೊದಲು ವರದಿಯಾದದ್ದು ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ, 1952ರಲ್ಲಿ. ತಂದೆ ತಾಯಿ ಇಬ್ಬರಿಂದಲೂ ಆ ವಂಶವಾಹಿ ಬಂದವರಿಗೆ ರೋಗ ಬರುತ್ತದೆ. ಒಬ್ಬರಿಂದ ಮಾತ್ರ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಡಿಗಳಲ್ಲಿ ಮೊದಲು ಮಾಡುವ ಸರಳ ಪರೀಕ್ಷೆ ರಕ್ತದಲ್ಲಿ ಆ ಅಂಶವಿದೆ ಎಂದಷ್ಟೇ ತೋರಿಸುತ್ತದೆ. ವಾಹಕರೋ ರೋಗಿಯೋ ಎಂದು ತಿಳಿಯಲು ಎಚ್.ಪಿ.ಎಲ್.ಸಿ.ಯಂತಹ ಇನ್ನೊಂದು ಪರೀಕ್ಷೆ ಬೇಕು. ಮೊದಲನೆಯದನ್ನು ಮಾಡಿ ಎರಡನೆಯದರ ಫಲಿತಾಂಶ ತಿಳಿಸದೆ ಹೋದರೆ ಹಾಡಿಯಲ್ಲಿ ಉಳಿಯುವುದು ‘ಅವರ ರಕ್ತ ಸರಿಯಿಲ್ಲವಂತೆ’ ಎಂಬ ಮಾತು. ಹೀಗೊಂದು ಮಾತಿನಿಂದ ಗೊತ್ತಾಗಿದ್ದ ಮದುವೆ ಮುರಿದದ್ದನ್ನು ನಾನು ಕಂಡಿದ್ದೇನೆ. ಹುಡುಗಿ ಬರಿಯ ವಾಹಕಿ, ಹುಡುಗನನ್ನು ಪರೀಕ್ಷಿಸಿಯೇ ಇರಲಿಲ್ಲ.

ಮಲೇರಿಯಾ ಹೆಚ್ಚಿದ್ದ ಕಾಡಿನ ಸೀಮೆಗಳಲ್ಲಿ ವಾಹಕರಿಗೆ ಆ ಜ್ವರದಿಂದ ಸಾಯುವ ಅಪಾಯ ಕಡಿಮೆ, ಆದ್ದರಿಂದಲೇ ಈ ವಂಶವಾಹಿ ಅಲ್ಲಿ ತಲೆಮಾರುಗಳುದ್ದಕ್ಕೂ ಉಳಿದು ಬಂತು. 1950ರ ದಶಕದಲ್ಲಿ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾ ತಗ್ಗಿದ ಮೇಲೆ ವಯನಾಡಿನಂತಹ ಕಡೆ ಹೊರಗಿನವರ ವಲಸೆ ಹೆಚ್ಚಿತು. ರಕ್ತದ ಕಥೆಗೂ ಭೂಮಿಯ ಕಥೆಗೂ ಇಷ್ಟು ಹತ್ತಿರದ ನಂಟಿದೆ. ಮೇಷ್ಟ್ರಿಗೆ ಇದು ಆಸಕ್ತಿಯ ವಿಷಯವಾದೀತು.

ಇನ್ನು ನಿಯಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಲ್ಲಿ ಬುಡಕಟ್ಟು ಜನರ ಮೇಲಿನ ಸಂಶೋಧನೆಯ ಬಗ್ಗೆ ಪ್ರತ್ಯೇಕವಾಗಿ ಹೇಳಿದೆ. ಆ ಜನರಿಗೆ ಪ್ರಯೋಜನವಾಗುವ ಸಂಶೋಧನೆಯನ್ನು ಮಾತ್ರ ಮಾಡಬೇಕು. ಅಧಿಕಾರಿಗಳ ಅನುಮತಿ ಪಡೆಯಬೇಕು. ಸಮ್ಮತಿಯನ್ನು ಹಿರಿಯರ ಮತ್ತು ಅವರ ಭಾಷೆ ಬಲ್ಲವರ ಸಮಾಲೋಚನೆಯಲ್ಲಿ, ಸಾಕ್ಷಿಗಳ ಎದುರಿನಲ್ಲಿ ಪಡೆಯಬೇಕು. ಯಜಮಾನರು ಹೂಂ ಎಂದರೆ ಸಾಲದು, ಪ್ರತಿಯೊಬ್ಬರೂ ಒಪ್ಪಬೇಕು. ನಿಮ್ಮವರು ರುಜು ಅಥವಾ ಹೆಬ್ಬೆಟ್ಟು ಹಾಕಿದ ಮಾಹಿತಿ ಪತ್ರದ ಒಂದು ಪ್ರತಿ ನಿಮ್ಮಲ್ಲಿ ಇರಬೇಕಿತ್ತು, ಅದರಲ್ಲಿ ನೈತಿಕ ಸಮಿತಿಯ ವಿಳಾಸವಿರುತ್ತದೆ. ಹಾಡಿಯಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಆ ಕಾಗದ ಇದೆಯೇ ಹುಡುಕಿಸಿ. ಸಿಕ್ಕರೆ ಸಂಶೋಧಕರಿಗೆ ಬರೆಯುವುದಕ್ಕಿಂತ ಆ ಸಮಿತಿಗೆ ಬರೆಯಿರಿ. ಫಲಿತಾಂಶದ ಜೊತೆಗೆ, ಉಳಿದ ರಕ್ತ ಈಗ ಎಲ್ಲಿದೆ, ಯಾವುದಕ್ಕೆ ಬಳಕೆಯಾಗುತ್ತಿದೆ ಎಂದೂ ಕೇಳಿ.

ಈ ಕೊನೆಯ ಪ್ರಶ್ನೆ ಏಕೆಂದರೆ, ಅಮೆರಿಕದ ಅರಿಜೋನಾದಲ್ಲಿ ಹವಸುಪಾಯ್ ಎಂಬ ಸಣ್ಣ ಮೂಲನಿವಾಸಿ ಸಮುದಾಯವಿದೆ. 1990ರಿಂದ ಅಲ್ಲಿನ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯ ಅಧ್ಯಯನವೆಂದು ಅವರ ರಕ್ತ ಪಡೆದರು. ಮುಂದೆ ಅದೇ ರಕ್ತವನ್ನು ಮಾನಸಿಕ ಕಾಯಿಲೆಯ ಮತ್ತು ಆ ಜನರ ಮೂಲದ ಅಧ್ಯಯನಕ್ಕೂ ಬಳಸಿದರು. 2003ರಲ್ಲಿ ಆ ಸಮುದಾಯದ ಒಬ್ಬ ಹೆಣ್ಣುಮಗಳು ಪಿಎಚ್.ಡಿ.ಯ ಮೌಖಿಕ ಪರೀಕ್ಷೆಗೆ ಪ್ರೇಕ್ಷಕಿಯಾಗಿ ಹೋಗಿ ಕೂತು, ಇದಕ್ಕೆ ಅನುಮತಿ ಇತ್ತೇ ಎಂದು ಎದ್ದು ಕೇಳಿದಳು. ಮೊಕದ್ದಮೆ ನಡೆದು 2010ರಲ್ಲಿ ಏಳು ಲಕ್ಷ ಡಾಲರಿನ ರಾಜಿಯಾಯಿತು, ಉಳಿದ ರಕ್ತವನ್ನು ಸಮುದಾಯಕ್ಕೆ ಹಿಂದಿರುಗಿಸಿದರು. ನಮ್ಮಲ್ಲಿಯೂ ಅನೇಕ ಕಡೆ ಮೌಖಿಕ ಪರೀಕ್ಷೆಗಳು ಹೊರಗಿನವರಿಗೂ ತೆರೆದಿರುತ್ತವೆ.

2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಡಿ 40 ವರ್ಷದವರೆಗಿನವರಿಗೆ ತಪಾಸಣೆಯಿದೆ. ಹಳೆಯ ಫಲಿತಾಂಶಕ್ಕಾಗಿ ಕಾಯುತ್ತ ಕೂರಬೇಡಿ, ಅದು ಬಂದಾಗ ಬರಲಿ. ಮದುವೆಯ ವಯಸ್ಸಿನವರೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಿಕೊಳ್ಳಲಿ.


ರಾವುಳ ಓದುಗಿ, ಪೊನ್ನಂಪೇಟೆ ತಾಲೂಕು

ಮೇಷ್ಟ್ರಿಗೆ, ಅಣ್ಣನಿಗೆ, ಡಾಕ್ಟರ್ ಮೇಡಂಗೆ ಕೃತಜ್ಞತೆಗಳು. ಒಂದು ಗೊಂದಲ ಉಳಿದಿದೆ. ಹೆಸರು ಬರೆಯದಿರುವುದು ನಮ್ಮ ರಕ್ಷಣೆಗೆಂದೇ ಸಂಶೋಧಕರು ಹೇಳುತ್ತಾರೆ. ಡಾಕ್ಟರ್ ಹೇಳಿದ ಮದುವೆಯ ಪ್ರಸಂಗ ನೋಡಿದರೆ ಅದು ಸರಿಯೆನಿಸುತ್ತದೆ, ಅಣ್ಣ ಹೇಳಿದ ಸಾಕ್ಷ್ಯದ ಮಾತು ನೋಡಿದರೆ ತಪ್ಪೆನಿಸುತ್ತದೆ. ಷರತ್ತು ಬರೆಯುವಾಗ ಯಾವುದನ್ನು ಹಿಡಿಯಬೇಕು?


ಗಂಗೋತ್ರಿಯಿಂದ

ಈ ಪ್ರಶ್ನೆಗೆ ಉತ್ತರಿಸಬೇಕಾದವನು ನಾನು, ಏಕೆಂದರೆ ಹೆಸರು ಅಳಿಸಿದವರಲ್ಲಿ ನಾನೂ ಒಬ್ಬ. ನನ್ನ ಪ್ರಬಂಧದಲ್ಲಿ ನಾಲ್ಕು ಹಾಡಿಗಳು ‘ಹಾಡಿ 1’ರಿಂದ ‘ಹಾಡಿ 4’ರವರೆಗೆ ಇವೆ. ಮಾರ್ಗದರ್ಶಕರು ಹಾಗೆಯೇ ಕಲಿಸಿದ್ದರು, ನನಗೂ ಅನುಮಾನ ಬರಲಿಲ್ಲ. ಎರಡು ವರ್ಷದ ನಂತರ ‘ಹಾಡಿ 3’ರ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದು, ನೀನು ಬರೆದ ಪುಸ್ತಕದಲ್ಲಿ ನಮ್ಮ ಹಳೆಯ ಸ್ಮಶಾನದ ವಿಷಯ ಇದೆಯಲ್ಲ, ಅದನ್ನು ಕೊಡು, ಅರ್ಜಿಯ ಜೊತೆ ಇಡಬೇಕು ಎಂದರು. ತೆರೆದು ತೋರಿಸಿದೆ. ನಮ್ಮ ಊರು ಎಲ್ಲಿದೆ ಎಂದು ಕೇಳಿದರು. ಮೂರನೆಯದು ಎಂದೆ. ಅವರು ಪುಟವನ್ನು ಸ್ವಲ್ಪ ಹೊತ್ತು ನೋಡಿ, ಮೂರು ಎಂದರೆ ಯಾರಿಗೆ ಗೊತ್ತಾಗುತ್ತದೆ ಎಂದರು.

ಆಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ. ಟಿಪ್ಪಣಿ ಪುಸ್ತಕಗಳನ್ನು ಮತ್ತೆ ತೆಗೆದು, ಆ ಹಾಡಿಗೆ ಸಂಬಂಧಿಸಿದ ಸ್ಥಳಗಳನ್ನೆಲ್ಲ ಹೆಸರು ಸಹಿತ ಬೇರೆಯಾಗಿ ಬರೆದೆ: ಸ್ಮಶಾನ, ನೀರಿನ ಗುಂಡಿ, ಜೇನು ಕಟ್ಟುವ ದೊಡ್ಡ ಮರಗಳು, ಯಾರು ಯಾವ ದಿನ ಹೇಳಿದರು ಎಂಬ ವಿವರ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿದೆ. ಅವರು ಎರಡು ಕಡೆ ತಿದ್ದಿದರು, ಒಂದು ಕಡೆ ತೆಗೆಸಿದರು. ತಿದ್ದಿದ ಪ್ರತಿಗೆ ನಮ್ಮ ವಿಭಾಗದ ಮುಖ್ಯಸ್ಥರಿಂದ ರುಜು ಮತ್ತು ಮೊಹರು ಹಾಕಿಸಿ ಸಭೆಗೆ ಕೊಟ್ಟೆ. ಮುದ್ರಿತ ಪ್ರಬಂಧದಲ್ಲಿ ಇಂದಿಗೂ ಅದು ಹಾಡಿ 3.

ಅವರು ತೆಗೆಸಿದ ಸಂಗತಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಕಾಡಿನಲ್ಲಿ ಬದುಕುವವರ ದಿನಚರಿಯಲ್ಲಿ ಇಂದಿನ ಕಾನೂನಿಗೆ ಅಪರಾಧವಾಗಿ ಕಾಣುವಂಥವು ಇರುತ್ತವೆ, ಊರಿನ ಹೆಸರಿನೊಂದಿಗೆ ಅವು ಅಚ್ಚಾದರೆ ಕೇಸು ಬೀಳುತ್ತದೆ. ಆದ್ದರಿಂದ ನಿಮ್ಮ ಷರತ್ತು ಹೀಗಿರಲಿ: ಆರೋಗ್ಯಕ್ಕೆ ಮತ್ತು ಕುಟುಂಬದ ಒಳಗಿನ ವಿಷಯಕ್ಕೆ ಹೆಸರು ಬೇಡ; ಸ್ಥಳ, ವಂಶಾವಳಿ, ದುಡಿಮೆಯ ಇತಿಹಾಸ, ಹಾಡು, ಚಿತ್ರ ಇವುಗಳಿಗೆ ಹೆಸರು ಹಾಕಬೇಕೇ ಬೇಡವೇ ಎಂದು ಹೇಳಿದವರೇ ತೀರ್ಮಾನಿಸಲಿ; ಹೆಸರುಳ್ಳ ಒಂದು ಪ್ರತಿ ಹಾಡಿಯಲ್ಲಿ ಉಳಿಯಲಿ; ಅಚ್ಚಿಗೆ ಹೋಗುವ ಮೊದಲು ಕರಡನ್ನು ಹಾಡಿಯಲ್ಲಿ ಓದಿ ಹೇಳಬೇಕು. ದಕ್ಷಿಣ ಆಫ್ರಿಕಾದ ಸಾನ್ ಜನರು 2017ರಲ್ಲಿ ತಮ್ಮದೇ ಸಂಶೋಧನಾ ಸಂಹಿತೆಯನ್ನು ಪ್ರಕಟಿಸಿದ್ದಾರೆ. ಅವರ ಬಳಿಗೆ ಹೋಗುವ ವಿದ್ವಾಂಸರು ಮೊದಲು ಅದನ್ನು ಒಪ್ಪಬೇಕು. ಅದು ಕೆಲವೇ ಪುಟಗಳ ಬರಹ, ನಿಮ್ಮದೂ ಉದ್ದವಾಗಬೇಕಿಲ್ಲ.

ಸಮೀಕ್ಷೆಯ ಬಗ್ಗೆ ಒಂದು ಮಾತು. ಜನವರಿಯಲ್ಲಿ ಬಂದು ಶಾಲೆ ಬಿಟ್ಟವರನ್ನು ಎಣಿಸಿದ್ದು ಅಜ್ಞಾನಕ್ಕಿಂತ ಹಣಕಾಸು ವರ್ಷದ ಫಲ. ಮಾರ್ಚ್ 31ರೊಳಗೆ ಯೋಜನೆಯ ಹಣ ಖರ್ಚಾಗಬೇಕಿರುತ್ತದೆ. ಮೇ ಕೊನೆಯ ಕುಂಡೆ ಹಬ್ಬದ ವಾರ ಬಂದಿದ್ದರೆ ಹಾಡಿಯಲ್ಲಿ ದೊಡ್ಡವರೂ ಸಿಗುತ್ತಿರಲಿಲ್ಲ, ಎಲ್ಲರೂ ದೇವರಪುರದಲ್ಲಿರುತ್ತಿದ್ದರು. ಯಾವ ತಿಂಗಳು ಬರಬೇಕು ಎಂಬುದನ್ನೂ ಷರತ್ತಿನಲ್ಲಿ ಬರೆಯಿರಿ.

ನಿಮ್ಮ ಅಜ್ಜಿಯ ಅಧ್ಯಾಯದ ಲೇಖಕರಿಗೆ ಪತ್ರ ಬರೆಯಿರಿ. ಮೂಲ ಟಿಪ್ಪಣಿ, ಧ್ವನಿಮುದ್ರಿಕೆ ಇನ್ನೂ ಅವರಲ್ಲಿ ಇರಬಹುದು. ಅವರು ಉತ್ತರಿಸದಿದ್ದರೆ ಅವರು ಓದಿದ ವಿಭಾಗಕ್ಕೆ ಬರೆಯಿರಿ.


ರಾವುಳ ಓದುಗಿ, ಪೊನ್ನಂಪೇಟೆ ತಾಲೂಕು

ಸಾರ್, ಪತ್ರ ಬರೆದಿದ್ದೆ. ಲೇಖಕರು ಎಂಟು ದಿನದಲ್ಲಿ ಉತ್ತರಿಸಿದರು, ಕ್ಷಮೆ ಕೇಳಿದರು, ಅಜ್ಜಿಯ ಮೂಲ ಚಿತ್ರವನ್ನು ಮತ್ತು ಸುಮಾರು ಒಂದೂವರೆ ಗಂಟೆಯ ಧ್ವನಿಮುದ್ರಿಕೆಯನ್ನು ಕಳುಹಿಸಿದರು. ಅಜ್ಜಿ ನಮ್ಮ ಮಾತಿನಲ್ಲಿ ಹೇಳಿದ್ದನ್ನು ಅಂದು ಜೊತೆಗಿದ್ದವರು ಕನ್ನಡಕ್ಕೆ ತಿರುಗಿಸಿದ್ದರು, ಲೇಖಕರು ಬರೆದುಕೊಂಡದ್ದು ಆ ಕನ್ನಡವನ್ನು. ನಾನು ಕೇಳಿ ನೋಡಿದರೆ ಅಜ್ಜಿ ಮೂರು ಗದ್ದೆಗಳ ಹೆಸರು ಹೇಳಿದ್ದಾಳೆ, ಕನ್ನಡದಲ್ಲಿ ಒಂದೇ ಬಂದಿದೆ. ಉಳಿದ ಎರಡನ್ನು ನಿನ್ನೆ ರಾತ್ರಿ ಅಮ್ಮನ ಜೊತೆ ಕೂತು ಬರೆದುಕೊಂಡೆ. ಒಂದು ಗದ್ದೆ ಎಲ್ಲಿದೆ ಎಂದು ಅಮ್ಮನಿಗೆ ಗೊತ್ತು. ಇನ್ನೊಂದನ್ನು ಕೇಳಲು ಭಾನುವಾರ ಕುಟ್ಟದ ಕಡೆಯ ದೊಡ್ಡಮ್ಮನ ಮನೆಗೆ ಹೋಗುತ್ತೇವೆ. ರಕ್ತದ ಮಾಹಿತಿ ಪತ್ರ ಇನ್ನೂ ಸಿಕ್ಕಿಲ್ಲ, ಮೂರು ಮನೆಗಳ ಪೆಟ್ಟಿಗೆ ನೋಡಿದ್ದಾಯಿತು.